ಗುಂಡಿ ತಿರುಗ್ತಾ ಇದ್ಯಾ ನೋಡ್ಕೊಳ್ಳಿ

ಕನ್ನಡ ಕ್ಲಬ್‌ನ ವಾಟ್ಸಾಪ್ ಗ್ರೂಪಿನಲ್ಲಿ "ಈ ಸಲ ಯಾರು ಬರೀತೀರಾ?" ಅಂತ ಮೆಸೇಜ್ ಬಂದಾಗ ನಾವು ಕೈ ಎತ್ತಿದ್ದು ತಮಾಷೆಗೆ. ಎಲ್‌ಕೆಜಿಯಿಂದ ಪಿಯುಸಿವರೆಗೆ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು ನಾವು. ಕನ್ನಡ ಅಂದರೆ ನಮಗೆ ಒಂದು ಪೇಪರು, ಸಮಾನಾರ್ಥಕ ಪದ, ಗಾದೆ ವಿಸ್ತರಣೆ, ಮತ್ತೆ ಮನೆಯಲ್ಲಿ ಬೈಸಿಕೊಳ್ಳೋ ಭಾಷೆ. ಹಾಗಾಗಿ ಒತ್ತಕ್ಷರ ಎಲ್ಲಾದರೂ ತಪ್ಪಿದ್ದರೆ ಕ್ಷಮಿಸಿ. ಬೇರೆ ತಪ್ಪುಗಳ ಬಗ್ಗೆ ಹೇಳೋಕೇ ಈ ಲೇಖನ.

ನಾವು ಅಂದರೆ ಇಬ್ಬರು. ಅಣ್ಣ-ತಮ್ಮಂದಿರ ಮಕ್ಕಳು, ಒಂದೇ ವಯಸ್ಸು, ಒಂದೇ ಕಾಲೇಜು. ಒಬ್ಬ ಮೆಕ್ಯಾನಿಕಲ್, ಇನ್ನೊಬ್ಬ ಇಸಿ. ಊರು ಅರಸೀಕೆರೆ. ಆ ಹೆಸರು ಹೇಳಿದ ತಕ್ಷಣ "ಓ, ರಾತ್ರಿ ಟ್ರೇನ್ ನಿಲ್ಲುತ್ತಲ್ಲ, ಆ ಜಂಕ್ಷನ್ನಾ?" ಅಂತ ಕೇಳ್ತಾರೆ. ಹೌದು, ಅದೇ. ಟ್ರೇನ್ ನಿಂತಾಗ ಕೆಳಗಿಳಿದು ಊರೊಳಗೆ ಬಂದರೆ ತೆಂಗಿನಕಾಯಿ, ಕೊಬ್ಬರಿ, ಒಂದು ಹೊಯ್ಸಳ ಕಾಲದ ಶಿವಾಲಯ, ಮತ್ತೆ ನಮ್ಮ ತಾತನ ಮನೆ ಸಿಗುತ್ತೆ.

ಹೋದ ದಸರಾ ರಜೆಯಲ್ಲಿ ಆಯುಧ ಪೂಜೆಗೆ ಅಂತ ಅಜ್ಜಿ ಅಟ್ಟದ ಮೇಲಿನ ಸಾಮಾನು ಇಳಿಸೋಕೆ ಹೇಳಿದ್ರು. ಕತ್ತಿ, ಇಳಿಗೆಮಣೆ, ಹಳೇ ಹೊಲಿಗೆ ಮಷಿನ್ನು, ಅದರ ಜೊತೆ ಒಂದು ತಗಡಿನ ಟ್ರಂಕು. ಟ್ರಂಕಿನೊಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಕ್ಯಾಮೆರಾ. ಅಂಗೈಗಿಂತ ಸ್ವಲ್ಪ ದೊಡ್ಡದು, ಆದರೆ ಕೈಗೆ ಭಾರ. ಲೆನ್ಸ್ ಸುತ್ತ ಜೇನುಗೂಡಿನ ಹಾಗೆ ಗುಳ್ಳೆ ಗುಳ್ಳೆ ಗಾಜಿನ ಉಂಗುರ. ಅದರ ಮೇಲೆ 'ಒಲಿಂಪಸ್ ಟ್ರಿಪ್ 35' ಅಂತ ಬರೆದಿತ್ತು.

ತಾತ ಒಂದು ಕಾಲದಲ್ಲಿ ಫೋಟೊ ತೆಗೀತಿದ್ರು ಅಂತ ನಮಗೆ ಗೊತ್ತಿತ್ತು. ಆದರೆ ನಾವು ನೋಡಿದ ತಾತ ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆದು ರಿಟೈರ್ ಆದ ತಾತ. ಆ ಎರಡರ ನಡುವೆ ಏನಾಯ್ತು ಅಂತ ಯಾರೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮೊದಲು ನಾವು ಮಾಡಿದ್ದು ಬ್ಯಾಟರಿ ಎಲ್ಲಿದೆ ಅಂತ ಹುಡುಕಿದ್ದು. ಇಲ್ಲ. ತಾತ ನಗ್ತಾ ಲೆನ್ಸಿನ ಮುಚ್ಚಳ ತೆಗೆದು, ಕ್ಯಾಮೆರಾನ ಬಾಗಿಲ ಕಡೆ ಹಿಡಿದು ಬಟನ್ ಒತ್ತಿದ್ರು. ಕ್ಲಿಕ್. ಆಮೇಲೆ ಟ್ರಂಕಿನೊಳಗೆ ತೂರಿಸಿ ಒತ್ತಿದ್ರು. ಬಟನ್ ಕೆಳಗೆ ಹೋಗಲೇ ಇಲ್ಲ. ನೋಡೋ ಕಿಂಡಿಯಲ್ಲಿ ಒಂದು ಕೆಂಪು ನಾಲಿಗೆ ಮೇಲೆದ್ದು ನಿಂತಿತ್ತು. "ಬೆಳಕು ಸಾಲ್ದು ಅಂತ ಅದೇ ಹೇಳ್ತದೆ ಕಣ್ರೋ" ಅಂದ್ರು.

ಇಪ್ಪತ್ತೈದು ವರ್ಷ ಅಟ್ಟದ ಮೇಲೆ ಮಲಗಿದ್ದ ಯಂತ್ರ, ಚಾರ್ಜ್ ಇಲ್ಲದೆ, ಬ್ಯಾಟರಿ ಇಲ್ಲದೆ, ಬೆಳಕು ಎಷ್ಟಿದೆ ಅಂತ ಅಳೆದು 'ಆಗಲ್ಲ' ಅಂತ ಹೇಳ್ತು. ನಮ್ಮ ಲ್ಯಾಬ್‌ನ ಮಲ್ಟಿಮೀಟರ್‌ಗಳಲ್ಲಿ ಅರ್ಧಕ್ಕರ್ಧ ಸೆಲ್ ಸತ್ತು ಕೂತಿರುತ್ತೆ.

ಆ ಗುಳ್ಳೆ ಗುಳ್ಳೆ ಉಂಗುರದ ಹಿಂದೆ ಇರೋದು ಸೆಲೆನಿಯಂ ಸೆಲ್. ಬೆಳಕು ಬಿದ್ದರೆ ಅದು ತಾನೇ ಒಂದಿಷ್ಟು ಕರೆಂಟ್ ಹುಟ್ಟಿಸುತ್ತೆ. ಆ ಕರೆಂಟಿಗೆ ಒಳಗಿರೋ ಸೂಜಿ ಅಲುಗಾಡುತ್ತೆ. ನಾವು ಬಟನ್ ಒತ್ತಿದಾಗ ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದ ತಗಡು ಆ ಸೂಜಿಯನ್ನ ಇದ್ದಲ್ಲೇ ಅದುಮಿ ಹಿಡಿಯುತ್ತೆ. ಸೂಜಿ ಎಲ್ಲಿ ಸಿಕ್ಕಿಬಿತ್ತೋ ಅದರ ಪ್ರಕಾರ ಲೆನ್ಸಿನ ತೂತು ಎಷ್ಟು ತೆರೀಬೇಕು ಅನ್ನೋದು ನಿರ್ಧಾರ. ಶಟರ್‌ಗೆ ಎರಡೇ ವೇಗ, ಸೆಕೆಂಡಿನ 1/200 ಅಥವಾ 1/40. ಇಷ್ಟೇ. ಇಸಿ, ಮೆಕ್ಯಾನಿಕಲ್ ಎರಡೂ ಸಿಲಬಸ್ಸು ಒಂದು ಸೋಪಿನ ಡಬ್ಬಿಯಷ್ಟು ಜಾಗದಲ್ಲಿತ್ತು. ಅವತ್ತು ಪೂಜೆಗೆ ನಮ್ಮ ಲ್ಯಾಪ್‌ಟಾಪ್‌ಗಳ ಪಕ್ಕ ಅದನ್ನೂ ಇಟ್ಟು ಕುಂಕುಮ ಹಚ್ಚಿದ್ವಿ.

ಆಮೇಲೆ ಒಂದು ವಾರ ನಮಗೆ ಹುಚ್ಚು ಹಿಡೀತು. ಕ್ಯಾಮೆರಾ ಇಷ್ಟು ಚಿಕ್ಕದಾಗಿದ್ದು ಹೇಗೆ ಅಂತ ಓದ್ತಾ ಹೋದ್ವಿ. ಓದಿದಷ್ಟೂ ಕಥೆ ತಿರುಗಿ ನಮ್ಮ ಊರಿನ ಪಕ್ಕಕ್ಕೇ ಬಂದು ನಿಲ್ತಿತ್ತು.

ಹಳೇಬೀಡಿನ ಫೋಟೊ ಮೊದಮೊದಲು ತೆಗೆದವರಲ್ಲಿ ಒಬ್ಬ ಲಿನೇಯಸ್ ಟ್ರೈಪ್, ಕಂಪನಿ ಸೈನ್ಯದ ಅಧಿಕಾರಿ. 1854ರ ಡಿಸೆಂಬರ್‌ನಲ್ಲಿ ರಜೆ ಹಾಕಿ ಹಳೇಬೀಡು, ಬೇಲೂರಿಗೆ ಬಂದಿದ್ದ. ಆಗಿನ್ನೂ ಫಿಲ್ಮ್ ಅನ್ನೋದೇ ಹುಟ್ಟಿರಲಿಲ್ಲ. ಕಾಗದಕ್ಕೆ ಮೇಣ ಹಚ್ಚಿ, ರಸಾಯನದಲ್ಲಿ ಅದ್ದಿ, ಅದನ್ನೇ ನೆಗೆಟಿವ್ ಮಾಡಿಕೊಳ್ಳಬೇಕು. ಫೋಟೊ ಎಷ್ಟು ದೊಡ್ಡದು ಬೇಕೋ ನೆಗೆಟಿವ್ ಅಷ್ಟೇ ದೊಡ್ಡದಿರಬೇಕು, ಅದಕ್ಕೆ ತಕ್ಕ ಹಾಗೆ ಕ್ಯಾಮೆರಾನೂ ಪೆಟ್ಟಿಗೆಯಷ್ಟು. ಐದು ವರ್ಷದ ಮೇಲೆ, 1859ರಲ್ಲಿ, ರಿಚರ್ಡ್ ಬ್ಯಾನರ್ ಓಕ್ಲಿ ಅನ್ನೋನು ಹಳೇಬೀಡಿನ ದೇವಸ್ಥಾನದ್ದೇ 56 ಫೋಟೊ ಇರೋ ಪುಸ್ತಕ ಲಂಡನ್‌ನಲ್ಲಿ ತಂದ. ಆ ಕಾಲದಲ್ಲಿ ಒಂದು ಫೋಟೊಗೆ ಲೆನ್ಸ್ ತುಂಬಾ ಹೊತ್ತು ತೆರೆದಿಡಬೇಕಿತ್ತು. ಕಲ್ಲು ಅಲ್ಲಾಡಲ್ಲ, ಚೆನ್ನಾಗಿ ಬೀಳುತ್ತೆ. ನಡೆದು ಹೋಗೋ ಮನುಷ್ಯ ಬೀಳಲ್ಲ.

ಅಲ್ಲಿಂದ ತಾತನ ಕೈಗೆ ಬರೋಕೆ ನೂರು ವರ್ಷ ಬೇಕಾಯ್ತು. ಮಧ್ಯದಲ್ಲಿ ಮುಖ್ಯವಾದವನು ಆಸ್ಕರ್ ಬರ್ನಾಕ್. ಜರ್ಮನಿಯ ವೆಟ್ಸ್‌ಲಾರ್ ಊರಿನಲ್ಲಿ ಮೈಕ್ರೋಸ್ಕೋಪ್ ಮಾಡ್ತಿದ್ದ ಲೈಟ್ಸ್ ಕಂಪನಿಯ ಕೆಲಸಗಾರ. ಅವನಿಗೆ ಉಬ್ಬಸ. ಗಾಜಿನ ಪ್ಲೇಟಿನ ಕ್ಯಾಮೆರಾ ಹೊತ್ತುಕೊಂಡು ಗುಡ್ಡ ಹತ್ತೋಕೆ ಆಗ್ತಿರಲಿಲ್ಲ. ಸಿನಿಮಾಕ್ಕೆ ಬಳಸ್ತಿದ್ದ 35 ಮಿಲಿಮೀಟರ್ ರೀಲನ್ನ ತಗೊಂಡು, ಸಿನಿಮಾದ 18×24 ಮಿಲಿಮೀಟರ್ ಚೌಕಟ್ಟನ್ನ ದುಪ್ಪಟ್ಟು ಮಾಡಿ 24×36 ಮಾಡಿದ. ಚಿಕ್ಕ ನೆಗೆಟಿವ್ ತೆಗೆದು ಆಮೇಲೆ ದೊಡ್ಡ ಫೋಟೊ ಮಾಡಿಕೊಂಡ್ರಾಯ್ತು ಅನ್ನೋದು ಲೆಕ್ಕ. 1913-14ರ ಹೊತ್ತಿಗೆ ಮಾದರಿ ತಯಾರಾಯ್ತು, ಅಷ್ಟರಲ್ಲಿ ಯುದ್ಧ ಬಂತು. ಕೊನೆಗೆ 1925ರಲ್ಲಿ ಲೈಪ್‌ಜಿಗ್ ಮೇಳದಲ್ಲಿ 'ಲೈಕಾ' ಅನ್ನೋ ಹೆಸರಲ್ಲಿ ಮಾರಾಟಕ್ಕೆ ಬಂತು. ಇವತ್ತಿಗೂ ದುಡ್ಡಿರೋರು 'ಫುಲ್ ಫ್ರೇಮ್' ಅಂತ ಕೊಳ್ಳೋ ಡಿಜಿಟಲ್ ಕ್ಯಾಮೆರಾದ ಸೆನ್ಸರ್ ಅಳತೆ ಆ 24×36 ಮಿಲಿಮೀಟರ್ರೇ.

ಆದರೂ ರೀಲನ್ನ ಕತ್ತಲಲ್ಲಿ ಕತ್ತರಿಸಿ ಡಬ್ಬಿಗೆ ಸುತ್ತಿಕೊಳ್ಳೋ ಕೆಲಸ ಫೋಟೊ ತೆಗೆಯೋನದೇ ಆಗಿತ್ತು. 1934ರಲ್ಲಿ ಕೋಡಕ್‌ನವರು ರೆಟಿನಾ ಅನ್ನೋ ಕ್ಯಾಮೆರಾ ಜೊತೆ ಸಿದ್ಧ ಡಬ್ಬಿ ತಂದರು. ಬಿಸಿಲಲ್ಲೇ ಹಾಕಬಹುದು. ಆಮೇಲೆ 1959ರಲ್ಲಿ ಜಪಾನಿನ ಒಲಿಂಪಸ್‌ನಲ್ಲಿ ಯೊಶಿಹಿಸ ಮೈತಾನಿ ಅನ್ನೋ ಇಂಜಿನಿಯರ್ 6,000 ಯೆನ್‌ಗೆ ಸಿಗೋ ಹಾಗೆ 'ಪೆನ್' ಅನ್ನೋ ಕ್ಯಾಮೆರಾ ಮಾಡಿದ. ಜೇಬಿನ ಪೆನ್ನಿನ ಹಾಗೆ ಸದಾ ಜೊತೆಗಿರಲಿ ಅಂತ ಆ ಹೆಸರು. ಅರ್ಧ ಚೌಕಟ್ಟು, 36ರ ರೀಲಿಗೆ 72 ಫೋಟೊ. ಎರಡು ವರ್ಷಕ್ಕೆ ಅದಕ್ಕೇ ಸೆಲೆನಿಯಂ ಕಣ್ಣು ಕೂರಿಸಿದ್ರು. 1967ರಲ್ಲಿ ಅದೇ ಉಪಾಯವನ್ನ ಪೂರ್ತಿ ಚೌಕಟ್ಟಿಗೆ ತಂದು ಟ್ರಿಪ್ 35 ಮಾಡಿದ್ರು. ಪ್ರವಾಸಕ್ಕೆ ಹೋಗೋರಿಗೆ ಅಂತಲೇ ಆ ಹೆಸರು. 1984ರವರೆಗೂ ತಯಾರಿಸಿದ್ರು.

ಪ್ರವಾಸಿಗಳಿಗೆ ಅಂತ ಮಾಡಿದ ಕ್ಯಾಮೆರಾ, ಪ್ರವಾಸಿಗಳನ್ನೇ ನಂಬಿ ಬದುಕ್ತಿದ್ದ ತಾತನ ಕೈ ಸೇರ್ತು.

ತಾತ ಹುಡುಗನಾಗಿದ್ದಾಗ ಅರಸೀಕೆರೆಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ರು. ಅಲ್ಲಿದ್ದದ್ದು ಎರಡು ಕಣ್ಣಿನ 120 ಕ್ಯಾಮೆರಾ. ಒಂದು ರೀಲಿಗೆ ಹನ್ನೆರಡೇ ಫೋಟೊ. ಊಟಿಯಲ್ಲಿ ಸರ್ಕಾರದ ಹಿಂದೂಸ್ಥಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆ 1967ರಲ್ಲಿ ಕೆಲಸ ಶುರು ಮಾಡಿತ್ತು. ಅಲ್ಲಿಂದ ಬರ್ತಿದ್ದ 'ಇಂದು' ಅನ್ನೋ ಕಪ್ಪು-ಬಿಳುಪು ರೀಲು ಹಾಕಿಕೊಂಡು ಭಾನುವಾರ ಜಾವಗಲ್ ಮೇಲಿನ ಬಸ್ಸಲ್ಲಿ ಬೇಲೂರಿಗೆ ಹೋಗೋರು. ಎಪ್ಪತ್ತರ ದಶಕದ ಕೊನೆಗೆ, ಮದ್ರಾಸಿನ ಬರ್ಮಾ ಬಜಾರಿನಿಂದ ಯಾರೋ ತಂದ ಟ್ರಿಪ್ 35 ಕಂತಿನ ಮೇಲೆ ಸಿಕ್ತು. ಹನ್ನೆರಡರ ಜಾಗದಲ್ಲಿ ಮೂವತ್ತಾರು. ಸ್ಟುಡಿಯೋ ಬಿಟ್ಟು ತಾತ ತಾವೇ ಸ್ವಂತಕ್ಕೆ ನಿಂತರು.

ಅವರ ದಿನದ ಲೆಕ್ಕ ಕೇಳಿ ನಮಗೆ ಆಶ್ಚರ್ಯ ಆಯ್ತು. ಬೇಲೂರಿನ ಚೆನ್ನಕೇಶವ ದೇವಸ್ಥಾನದ ಮುಖ ಪೂರ್ವಕ್ಕೆ. ಬೆಳಗಿನ ಬಿಸಿಲು ಬಾಗಿಲಿಗೆ ಬೀಳುತ್ತೆ. ಹಾಗಾಗಿ ಹನ್ನೊಂದರವರೆಗೆ ಬೇಲೂರು. ಹಳೇಬೀಡಿನಲ್ಲಿ ಒಳ್ಳೇ ಕೆತ್ತನೆ ಎಲ್ಲ ಹಿಂದಿನ ಗೋಡೆಯಲ್ಲಿದೆ, ಪಶ್ಚಿಮಕ್ಕೆ. ಅಲ್ಲಿಗೆ ಬಿಸಿಲು ತಿರುಗೋದು ಮಧ್ಯಾಹ್ನ ಆದ ಮೇಲೆ. ಹಾಗಾಗಿ ಊಟ ಮಾಡಿ ಹದಿನಾರು ಕಿಲೋಮೀಟರ್ ಬಸ್ಸಲ್ಲಿ ಹಳೇಬೀಡಿಗೆ. ಇನ್ನೊಂದು ಲೆಕ್ಕ ಕಲ್ಲಿನದು. ಬಳಪದ ಕಲ್ಲು ಕಪ್ಪು. ಸೆಲೆನಿಯಂ ಕಣ್ಣು ಕಪ್ಪು ಗೋಡೆ ನೋಡಿ 'ಕತ್ತಲಿದೆ' ಅಂದ್ಕೊಂಡು ಬೆಳಕು ಜಾಸ್ತಿ ಬಿಡುತ್ತೆ, ಮುಂದೆ ನಿಂತವರ ಮುಖ ಬಿಳಿಚಿಕೊಳ್ಳುತ್ತೆ. ಆಕಾಶ ಜಾಸ್ತಿ ಕಂಡರೆ ಉಲ್ಟಾ, ಮುಖ ಮಸಿ. "ಅದಕ್ಕೆ ಕಣ್ಣಿದೆ, ಬುದ್ಧಿ ಇಲ್ಲ. ಅರ್ಧ ಕಲ್ಲು, ಅರ್ಧ ಆಕಾಶ ಬರೋ ಹಾಗೆ ನಿಲ್ಲಿಸ್ಬೇಕು" ಅಂದ್ರು ತಾತ. ನಾವು ಅದನ್ನ ನೋಟ್ ಮಾಡಿಕೊಂಡ್ವಿ. ಯಾವ ಮ್ಯಾನ್ಯುಯಲ್‌ನಲ್ಲೂ ಇಲ್ಲ ಅದು.

"ಶಿಲ್ಪದ ಫೋಟೊ ತೆಗೀಲಿಲ್ವಾ ತಾತ? ದರ್ಪಣ ಸುಂದರಿ?" ಅಂತ ಕೇಳಿದ್ವಿ.

"ಕಲ್ಲು ಎಲ್ಲಿಗೂ ಹೋಗಲ್ಲ ಕಣ್ರೋ. ಜನಕ್ಕೆ ಬಸ್ಸಿತ್ತು" ಅಂದ್ರು.

ಟ್ರೈಪ್ ಕಾಲದಲ್ಲಿ ಮನುಷ್ಯ ಬೀಳ್ತಿರಲಿಲ್ಲ, ಕಲ್ಲು ಬೀಳ್ತಿತ್ತು. ತಾತನ ಫೋಟೊಗಳಲ್ಲಿ ಮನುಷ್ಯರು ಮುಂದೆ, ಹೊಯ್ಸಳರು ಹಿಂದೆ. ಹೊಸದಾಗಿ ಮದುವೆ ಆದವರು, ಸ್ಕೂಲ್ ಟೂರಿನವರು, ಕೈ ಕಟ್ಟಿಕೊಂಡು ನಿಂತ ಮೇಷ್ಟ್ರು.

ಆ ಟ್ರಂಕಿನಲ್ಲೇ ಉದ್ದನೆಯ ನೋಟ್‌ಬುಕ್ಕುಗಳೂ ಇದ್ದವು. ಪ್ರತಿ ಪುಟದಲ್ಲಿ ನಾಲ್ಕು ಕಾಲಂ: ರೀಲ್ ನಂಬರ್, ಫೋಟೊ ನಂಬರ್, ವಿಳಾಸ, ಅಡ್ವಾನ್ಸ್. ಕ್ಯಾಮೆರಾದ ಮೇಲಿರೋ ಪುಟ್ಟ ಕಿಂಡಿಯಲ್ಲಿ 14 ಅಂತ ತೋರಿಸಿದರೆ ನೋಟ್‌ಬುಕ್ಕಿನಲ್ಲಿ 14ರ ಎದುರು ದಾವಣಗೆರೆಯ ಒಂದು ವಿಳಾಸ. ರೀಲು ಮುಗಿದ ಮೇಲೆ ತೊಳೆದು, ಪ್ರಿಂಟ್ ಹಾಕಿ, ಕವರಿನೊಳಗೆ ರಟ್ಟು ಇಟ್ಟು ಪೋಸ್ಟ್ ಮಾಡೋರು. ದೇವಸ್ಥಾನದ ಅಂಗಳದಲ್ಲಿ ಯಾರೋ ಗುರುತಿಲ್ಲದ ಮನುಷ್ಯನಿಗೆ ದುಡ್ಡು, ವಿಳಾಸ ಕೊಟ್ಟು, ಫೋಟೊ ಬರುತ್ತೆ ಅಂತ ನಂಬಿಕೊಂಡು ಊರಿಗೆ ಹೋಗ್ತಿದ್ರು ಜನ. ನಮಗೆ ಇವತ್ತು ಒಟಿಪಿ ಇಲ್ಲದೆ ಬಿರಿಯಾನಿ ಬರಲ್ಲ.

ಇದು ಮುಗಿದದ್ದು ಹೇಗೆ ಅಂತ ತಾತ ತಾವಾಗಿ ಹೇಳಲಿಲ್ಲ. ನಾವು ಓದಿದ ವರ್ಷಗಳನ್ನ ಹೇಳ್ತಾ ಹೋದ ಹಾಗೆ ಅವರು ಹೂಂಗುಟ್ಟಿದ್ರು. 1975ರಲ್ಲಿ ಕೋನಿಕಾ ಕಂಪನಿ ಪುಟ್ಟ ಕ್ಯಾಮೆರಾದೊಳಗೇ ಫ್ಲ್ಯಾಶ್ ಕೂರಿಸ್ತು. 1977ರಲ್ಲಿ ಅದೇ ಕೋನಿಕಾ ತಾನೇ ಫೋಕಸ್ ಮಾಡೋ ಕ್ಯಾಮೆರಾ ತಂತು. 1979ರಲ್ಲಿ ಕ್ಯಾನನ್ ಕೂಡ ಇನ್‌ಫ್ರಾರೆಡ್ ಬಿಟ್ಟು ದೂರ ಅಳೆಯೋದನ್ನ ತಂತು. ಜಪಾನಿನಲ್ಲಿ ಆದದ್ದು ಬೇಲೂರಿಗೆ ತಲುಪೋಕೆ ಸ್ವಲ್ಪ ತಡ ಆಯ್ತು ಅಷ್ಟೆ. ಎಂಬತ್ತರ ದಶಕದಲ್ಲಿ ಹಾಟ್ ಶಾಟ್ ಬಂತು. ತೊಂಬತ್ತರಲ್ಲಿ ಕೋಡಕ್‌ನ ಕೆಬಿ-10. ಫೋಕಸ್ ಮಾಡೋ ಹಾಗಿಲ್ಲ, ಫ್ಲ್ಯಾಶ್ ಒಳಗೇ ಇದೆ. ಟೂರ್ ಬಸ್ಸಿಂದ ಇಳಿಯೋ ಮನೆಗೊಂದು ಅದು ಇರ್ತಿತ್ತು.

"ಆಮೇಲೆ ಆಮೇಲೆ ಅವರ ಕ್ಯಾಮೆರಾನೇ ನನ್ ಕೈಗೆ ಕೊಟ್ಟು, 'ಒಂದು ಫೋಟೊ ತೆಗೀರಿ ಯಜಮಾನ್ರೇ' ಅನ್ನೋರು" ಅಂದ್ರು ತಾತ.

"ನೀವೇನ್ ಮಾಡ್ತಿದ್ರಿ?"

"ಏನ್ ಮಾಡೋದು, ತೆಗೆದು ಕೊಡ್ತಿದ್ದೆ. ಚೆನ್ನಾಗೇ ತೆಗೀತಿದ್ದೆ."

ದುಡ್ಡಿಲ್ಲದೆ, ಬಿಸಿಲು ನೋಡಿ, ಅರ್ಧ ಕಲ್ಲು ಅರ್ಧ ಆಕಾಶ ನೋಡಿ. 1999ರಲ್ಲೋ 2000ದಲ್ಲೋ ಒಂದು ಸಂಜೆ ಮನೆಗೆ ಬಂದು ಕ್ಯಾಮೆರಾನ ಬಟ್ಟೆಯಲ್ಲಿ ಸುತ್ತಿ ಅಟ್ಟಕ್ಕೆ ಹಾಕಿದ್ರಂತೆ. ಮುಂದಿನ ವಾರದಿಂದ ಕೊಬ್ಬರಿ ಮಂಡಿ.

ನಾವಿಬ್ಬರೂ ಅವತ್ತು ಜಾಸ್ತಿ ಮಾತಾಡಲಿಲ್ಲ. ಬಟನ್ ಒತ್ತಿದರೆ ಸಾಕು ಅನ್ನೋ ಹಾಗೆ ಮಾಡೋದೇ ಒಳ್ಳೇ ಇಂಜಿನಿಯರಿಂಗ್ ಅಂತ ನಮಗೆ ಹೇಳಿಕೊಟ್ಟಿದ್ದಾರೆ, ನಾವೂ ನಂಬಿದ್ದೀವಿ. ಟ್ರಿಪ್ 35 ಬೆಳಕಿನ ಲೆಕ್ಕವನ್ನ ತನ್ನೊಳಗೆ ಇಟ್ಟುಕೊಂಡಿದ್ದಕ್ಕೇ ತಾತ ಸ್ಟುಡಿಯೋ ಬಿಟ್ಟು ಸ್ವಂತಕ್ಕೆ ನಿಲ್ಲೋಕೆ ಆಗಿದ್ದು. ಮುಂದಿನ ಕ್ಯಾಮೆರಾ ಉಳಿದ ಲೆಕ್ಕವನ್ನೂ ಒಳಗೆ ಇಟ್ಟುಕೊಂಡಿದ್ದಕ್ಕೇ ತಾತ ಬೇಡವಾಗಿದ್ದು. ಎರಡೂ ಒಂದೇ ದಾರಿಯ ಎರಡು ಮೆಟ್ಟಿಲು. ಯಾವ ಮೆಟ್ಟಿಲಲ್ಲಿ ನಿಲ್ಲಿಸಬೇಕಿತ್ತು ಅಂತ ನಮಗೆ ಹೇಳೋಕೆ ಬರಲ್ಲ. ನಿಲ್ಲಿಸಬೇಕಿತ್ತು ಅಂತ ತಾತನೂ ಹೇಳಲಿಲ್ಲ.

ಈಗ ನಮ್ಮ ತಪ್ಪಿನ ಕಥೆ.

ಸಂಕ್ರಾಂತಿ ರಜೆಗೆ ತಾತ-ಅಜ್ಜಿ ಇಬ್ಬರನ್ನೂ ಬೇಲೂರು, ಹಳೇಬೀಡಿಗೆ ಕರ್ಕೊಂಡು ಹೋಗಿ ಅದೇ ಕ್ಯಾಮೆರಾದಲ್ಲಿ ಫೋಟೊ ತೆಗೀಬೇಕು ಅಂತ ಪ್ಲಾನ್ ಮಾಡಿದ್ವಿ. ಕಾರಣ ಇತ್ತು. ಇಪ್ಪತ್ತು ವರ್ಷಕ್ಕೂ ಮೇಲೆ ಬೇಲೂರಿನಲ್ಲಿ ಬೇರೆಯವರ ಫೋಟೊ ತೆಗೆದ ಮನುಷ್ಯನ ಒಂದೇ ಒಂದು ಫೋಟೊ ಬೇಲೂರಿನಲ್ಲಿಲ್ಲ. ಅಜ್ಜಿಯಂತೂ ಬೇಲೂರನ್ನೇ ನೋಡಿರಲಿಲ್ಲ. ಅರಸೀಕೆರೆಯಲ್ಲಿ ಐವತ್ತು ವರ್ಷ ಸಂಸಾರ ಮಾಡಿ! "ಇವ್ರಿಗೆ ಅದು ಆಫೀಸು. ಆಫೀಸಿಗೆ ಯಾರಾದ್ರೂ ಹೆಂಡ್ತೀನ ಕರ್ಕೊಂಡು ಹೋಗ್ತಾರಾ" ಅಂತ ಅಜ್ಜಿ ಅಂದ್ರು.

ಕ್ಯಾಮೆರಾದ ಹಿಂಬಾಗಿಲಲ್ಲಿ ಬೆಳಕು ಒಳಗೆ ನುಗ್ಗದ ಹಾಗೆ ಅಂಟಿಸಿರೋ ಸ್ಪಂಜು ಕರಗಿ ಜಿಗುಟಾಗಿತ್ತು. ಅದನ್ನ ಕೆರೆದು ತೆಗೆದು, ಅಜ್ಜಿಯ ಕಪ್ಪು ಉಣ್ಣೆ ದಾರ ಅಂಟಿಸಿದ್ವಿ. ಬೆಂಗಳೂರಿನಿಂದ ಒಂದು ಕಲರ್ ರೀಲು ತರಿಸಿದ್ವಿ. ಇಬ್ಬರ ಪಾಕೆಟ್ ಮನಿ ಸೇರಿಸಿದರೂ ಸಾಲದೆ ಮೂರನೆಯವನ ಹತ್ತಿರ ಸಾಲ. ಯೂಟ್ಯೂಬ್ ನೋಡಿ ರೀಲು ನಾವೇ ಹಾಕಿದ್ವಿ. ತಾತ ಪಕ್ಕದಲ್ಲಿ ಕೂತಿದ್ರು.

"ಮೇಲಿನ ಎಡಗಡೆ ಗುಂಡಿ ತಿರುಗ್ತಾ ಇದ್ಯಾ ನೋಡ್ಕೊಳ್ಳಿ" ಅಂದ್ರು.

"ಗೊತ್ತು ತಾತ, ನೋಡಿದೀವಿ ವಿಡಿಯೋದಲ್ಲಿ" ಅಂದ್ವಿ.

ಬೇಲೂರಿನಲ್ಲಿ ಆ ದಿನ ಜನವೋ ಜನ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹೀಗೇ ಅಂತೆ. ಎಲ್ಲರ ಕೈಯಲ್ಲೂ ಫೋನು. ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದ್ವಿ. ಅಜ್ಜಿ ಹೊಸ ಸೀರೆ ಉಟ್ಟಿದ್ರು, ಮಂಡಿ ನೋವು ಇಟ್ಟುಕೊಂಡೇ ಜಗತಿ ಹತ್ತಿದ್ರು. ಬಾಗಿಲ ಪಕ್ಕ ಹುಲಿಯ ಜೊತೆ ಹೋರಾಡೋ ಸಳನ ಹತ್ತಿರ ಇಬ್ಬರನ್ನೂ ನಿಲ್ಲಿಸಿ ಒಂದು. ಅಂಗಳದಲ್ಲಿ ಸುಮ್ನೆ ನಿಂತಿರೋ ದೀಪದ ಕಂಬದ ಹತ್ತಿರ ಒಂದು. ಒಳಗೆ ನವರಂಗದಲ್ಲಿ ತಿರುಗಣೆ ಕಂಬಗಳ ಹತ್ತಿರ ಕೆಂಪು ನಾಲಿಗೆ ಎದ್ದಿತು, ಆಗಲ್ಲ ಅಂತು. ತಾತ, "ನಂಗೂ ಯಾವತ್ತೂ ಬಿಟ್ಟಿಲ್ಲ ಅದು ಇಲ್ಲಿ" ಅಂತ ನಕ್ಕರು. ಮಧ್ಯಾಹ್ನ ಹಳೇಬೀಡಿನ ಹಿಂಗೋಡೆ. ಆನೆ ಸಾಲಿನ ಮುಂದೆ ಅಜ್ಜಿ, ನಂದಿ ಮುಂದೆ ತಾತ, ಕೆರೆ ಕಡೆ ಮುಖ ಮಾಡಿ ಕೂತ ಇಬ್ಬರೂ.

ಅಜ್ಜಿ ಎರಡು ಸಲ ಕೇಳಿದ್ರು, "ಫೋನಲ್ಲೂ ಒಂದು ಹಿಡ್ಕೊಳ್ರೋ." ನಾವು ಬೇಡ ಅಂದ್ವಿ. ಫೋನುಗಳನ್ನ ಬೇಕು ಅಂತಲೇ ಬ್ಯಾಗಿನಲ್ಲಿ ಹಾಕಿಟ್ಟಿದ್ವಿ. ಇವತ್ತು ಪೂರ್ತಿ ಫಿಲ್ಮ್, ಇಲ್ಲಾಂದ್ರೆ ಅದರ ಮಜಾ ಹೋಗುತ್ತೆ ಅಂತ ಅಜ್ಜಿಗೆ ಪಾಠ ಮಾಡಿದ್ವಿ.

ಕಿಂಡಿಯಲ್ಲಿ 36 ಬಂತು, ನಿಲ್ಲಿಸಿದ್ವಿ. ರೀಲು ಹಿಂದಕ್ಕೆ ಸುತ್ತುವಾಗ ಗುಂಡಿ ತುಂಬಾ ಹಗುರವಾಗಿ ತಿರುಗಿತು. ಅದೂ ನಮಗೆ ಏನೂ ಹೇಳಲಿಲ್ಲ.

ಎರಡು ವಾರದ ಮೇಲೆ ಬೆಂಗಳೂರಿನ ಲ್ಯಾಬ್‌ನಿಂದ ನೆಗೆಟಿವ್ ಬಂತು. ಕಿತ್ತಳೆ ಬಣ್ಣದ ಖಾಲಿ ಪಟ್ಟಿ. ಅಂಚಿನಲ್ಲಿ 1, 2, 3 ಅಂತ 36ರವರೆಗೆ ನಂಬರು ಮಾತ್ರ ಅಚ್ಚುಕಟ್ಟಾಗಿ ಬಂದಿತ್ತು. ಅದು ಕಾರ್ಖಾನೆಯಲ್ಲೇ ಹಾಕಿರ್ತಾರೆ. ನಂಬರುಗಳ ನಡುವೆ ತಾತನೂ ಇಲ್ಲ, ಅಜ್ಜಿಯೂ ಇಲ್ಲ, ಹೊಯ್ಸಳರೂ ಇಲ್ಲ. ರೀಲಿನ ತುದಿ ಹಲ್ಲಿಗೆ ಸಿಕ್ಕೇ ಇರಲಿಲ್ಲ. ಹಿಂದಿನ ಚಕ್ರ ತಿರುಗಿಸಿದಾಗಲೆಲ್ಲ ಹಲ್ಲು ಸುಮ್ಮನೆ ಸುತ್ತಿದೆ, ಶಟರ್ ಕ್ಲಿಕ್ ಅಂದಿದೆ, ಕಿಂಡಿಯಲ್ಲಿ ನಂಬರ್ ಬದಲಾಗಿದೆ. ರೀಲು ಮಾತ್ರ ಡಬ್ಬಿಯೊಳಗೆ ಮಲಗಿತ್ತು. ರೀಲು ನಿಜವಾಗಿ ಓಡ್ತಿದ್ದರೆ ಎಡಗಡೆ ಗುಂಡಿ ತಾನಾಗಿ ತಿರುಗ್ತಿತ್ತು. ಅದೊಂದನ್ನ ನೋಡಬೇಕಿತ್ತು.

ಊರಿಗೆ ಹೋಗಿ ಹೇಳೋಕೆ ಮೂರು ವಾರ ಮುಂದೂಡಿದ್ವಿ. ಇಂಟರ್ನಲ್ಸ್ ಇದೆ ಅಂದ್ವಿ. ಇಂಟರ್ನಲ್ಸ್ ಇತ್ತು ಕೂಡ, ಆದರೆ ಕಾರಣ ಅದಲ್ಲ.

ಕೊನೆಗೆ ಹೋಗಿ ಆ ಪಟ್ಟಿಯನ್ನ ತಾತನ ಕೈಗೆ ಕೊಟ್ವಿ. ಬೆಳಕಿಗೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿವರೆಗೆ ನೋಡಿದ್ರು. ಬೈಯಲಿಲ್ಲ. ಒಳಗೆ ಹೋಗಿ ಒಂದು ನೋಟ್‌ಬುಕ್ ತಂದು ಒಂದು ಪುಟ ತೆರೆದರು. ಒಂಬತ್ತು ವಿಳಾಸಗಳ ಎದುರು ಕೆಂಪು ಶಾಯಿಯಲ್ಲಿ 'ವಾಪಸ್' ಅಂತ ಬರೆದಿತ್ತು.

ಅದೂ ಒಂದು ಭಾನುವಾರ. ಹಳೇಬೀಡಿನಲ್ಲಿ ಬಸ್ಸು ಹಾರ್ನ್ ಹೊಡೀತಿತ್ತು, ತಾತ ಅವಸರದಲ್ಲಿ ರೀಲು ಬದಲಾಯಿಸಿದ್ರು. 36 ದಾಟಿದ ಮೇಲೂ ಚಕ್ರ ತಿರುಗ್ತಾನೇ ಇತ್ತು, 37, 38. ಆಗ ಎದೆ ಧಸಕ್ ಅಂತಂತೆ. ಮನೆಗೆ ಬಂದು ಕಂಬಳಿಯೊಳಗೆ ಕೈಹಾಕಿ ಬಿಚ್ಚಿ ನೋಡಿದ್ರು. ರೀಲು ಹೊಸದಾಗೇ ಇತ್ತು. ಒಂಬತ್ತು ಮನೆಯವರ ಅಡ್ವಾನ್ಸ್ ತಗೊಂಡಾಗಿತ್ತು. ಒಂಬತ್ತು ಮನೆಗೂ ಕಾಗದ ಬರೆದು, ಮನಿಯಾರ್ಡರ್ ಮಾಡಿ ದುಡ್ಡು ವಾಪಸ್ ಕಳಿಸಿದ್ರು.

ಎಂಟು ಮನೆಯವರು ಸುಮ್ಮನಾದರು. ಒಂದು ಮನೆಯಿಂದ ಕಾರ್ಡ್ ಬಂತು. ಅದು ಆ ಪುಟದಲ್ಲೇ ಇತ್ತು. ನಮಗೆ ಕೈಬರಹ ಓದೋಕೆ ಕಷ್ಟ ಆಯ್ತು, ತಾತನೇ ಹೇಳಿದ್ರು. ಅವತ್ತು ಜೊತೆಗೆ ಬಂದಿದ್ದ ಅವರ ತಾಯಿ ಆಮೇಲೆ ತೀರಿಕೊಂಡಿದ್ದರು. ದುಡ್ಡು ಬೇಡ, ಒಂದಾದರೂ ಬಿದ್ದಿದ್ದರೆ ಹೇಗಿದ್ದರೂ ಪರವಾಗಿಲ್ಲ ಕಳಿಸಿ ಅಂತ ಕೇಳಿದ್ದರು.

"ಕಳಿಸೋಕೆ ಏನಿತ್ತು" ಅಂದ್ರು ತಾತ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತಿಂದ ಗುಂಡಿ ನೋಡ್ದೆ ಒಂದೂ ತೆಗ್ದಿಲ್ಲ" ಅಂದ್ರು.

ಯಂತ್ರ ತನ್ನೊಳಗೆ ಇಟ್ಟುಕೊಳ್ಳದೆ ಮನುಷ್ಯನಿಗೆ ಬಿಟ್ಟಿದ್ದ ಕೆಲಸಗಳಲ್ಲಿ ಅದೂ ಒಂದು. ಬೆಳಕು ಕಮ್ಮಿ ಇದ್ದರೆ ಕೆಂಪು ನಾಲಿಗೆ ತೋರಿಸೋ ಜಾಣ ಕ್ಯಾಮೆರಾ, ರೀಲೇ ಓಡ್ತಿಲ್ಲ ಅಂದರೆ ಏನೂ ಹೇಳಲ್ಲ, ಖುಷಿಯಾಗಿ ಕ್ಲಿಕ್ ಅನ್ನುತ್ತೆ. ನಾವು ಬರೆಯೋ ಕೋಡ್ ಕೂಡ ಎಷ್ಟೋ ಸಲ ಹಾಗೇ. ಎರರ್ ಬರಲ್ಲ, ಔಟ್‌ಪುಟ್ಟೂ ಬರಲ್ಲ. ಈಗ ನಾವಿಬ್ಬರೂ ಯಾವುದೇ ಪ್ರಾಜೆಕ್ಟ್ ಶುರು ಮಾಡಿದಾಗ ಒಬ್ಬರನ್ನೊಬ್ಬರು ಕೇಳ್ತೀವಿ: ಇದರಲ್ಲಿ ಗುಂಡಿ ಯಾವುದು?

ಆದರೆ ಅಜ್ಜಿಗೆ ಇದೆಲ್ಲ ಉತ್ತರ ಅಲ್ಲ. ಮತ್ತೆ ಬೇಲೂರಿಗೆ ಹೋಗೋಣ ಅಂದರೆ, "ಬ್ಯಾಡ ಬಿಡ್ರಪ್ಪ. ಒಂದ್ಸಲ ನೋಡಾಯ್ತು. ಆ ಮೆಟ್ಲು ಇನ್ನೊಂದ್ಸಲ ಆಗಲ್ಲ" ಅಂದ್ರು. ಸಿಟ್ಟಿರಲಿಲ್ಲ. ಅದೇ ಕಷ್ಟ ಆಗಿದ್ದು.

ಆಮೇಲೆ ತಾತನೇ, "ಇಲ್ಲೇ ಇದ್ಯಲ್ಲ" ಅಂದ್ರು.

ಇದೆ. ನಮ್ಮೂರ ಶಿವಾಲಯ. 1220ರದ್ದು, ಇದೂ ಹೊಯ್ಸಳರ ಕಾಲದ್ದೇ, ಇದೂ ಬಳಪದ ಕಲ್ಲೇ. ಮುಂದಿನ ಮಂಟಪ ನಕ್ಷತ್ರದ ಆಕಾರದಲ್ಲಿ ದುಂಡಗೆ ಸುತ್ತುತ್ತೆ. ಅಂಥದ್ದು ಬೇಲೂರಿನಲ್ಲೂ ಇಲ್ಲ. ಟೂರ್ ಬಸ್ಸು ಇಲ್ಲಿ ನಿಲ್ಲಲ್ಲ, ಅದಕ್ಕೇ ತಾತ ಇಲ್ಲಿ ಯಾವತ್ತೂ ಫೋಟೊ ತೆಗೆದಿರಲಿಲ್ಲ. ಮನೆಯಿಂದ ಆಟೋದಲ್ಲಿ ಐದು ನಿಮಿಷ.

ಹೋದ ತಿಂಗಳು ಒಂದು ಬೆಳಿಗ್ಗೆ ನಾಲ್ಕೂ ಜನ ಹೋದ್ವಿ. ಮತ್ತೆ ಸಾಲ ಮಾಡಿ ತಂದ ರೀಲನ್ನ ಈ ಸಲ ತಾತ ಹಾಕಿದ್ರು. ಕಣ್ಣು ಸರಿಯಾಗಿ ಕಾಣಲ್ಲ ಅವರಿಗೆ, ಬೆರಳಲ್ಲೇ ತುದಿ ಹಲ್ಲಿಗೆ ಕೂತಿದ್ಯಾ ಅಂತ ಮುಟ್ಟಿ ನೋಡಿದ್ರು. ಬಾಗಿಲು ಮುಚ್ಚಿ ಚಕ್ರ ತಿರುಗಿಸಿ ಕ್ಯಾಮೆರಾನ ನಮ್ಮ ಕಡೆ ಹಿಡಿದರು. ಎಡಗಡೆ ಗುಂಡಿ ನಿಧಾನಕ್ಕೆ ಅರ್ಧ ಸುತ್ತು ತಿರುಗಿತು. ಇಬ್ಬರೂ ನೋಡಿದ್ವಿ.

ಮಂಟಪದೊಳಗೆ ಕೆಂಪು ನಾಲಿಗೆ. ಹೊರಗೆ ಬಿಸಿಲಿಗೆ ಬಂದ್ವಿ. ಲೆನ್ಸ್ ಮೇಲೆ ನಾಲ್ಕು ಚಿತ್ರ ಇರುತ್ತೆ: ಒಂದು ತಲೆ, ಇಬ್ಬರು, ಗುಂಪು, ಬೆಟ್ಟ. 'ಇಬ್ಬರು'ಗೆ ತಿರುಗಿಸಿದ್ವಿ. ಅರ್ಧ ಕಲ್ಲು, ಅರ್ಧ ಆಕಾಶ. ಆಮೇಲೆ ಅಜ್ಜಿ ಕೇಳೋಕೆ ಮುಂಚೆನೇ ಫೋನಲ್ಲೂ ಒಂದು ತೆಗೆದ್ವಿ.

ಮನೆಗೆ ಬಂದ ಮೇಲೆ ತಾತ ಹಳೇ ನೋಟ್‌ಬುಕ್ಕಿನ ಕೊನೆಯ ಖಾಲಿ ಪುಟ ತೆರೆದು ಬರೆದರು. ಫೋಟೊ ನಂಬರ್ 3. ವಿಳಾಸದ ಜಾಗದಲ್ಲಿ ನಮ್ಮ ಮನೆಯದೇ. "ಅಡ್ವಾನ್ಸು?" ಅಂತ ಅಜ್ಜಿ ಕಡೆ ನೋಡಿದ್ರು. ಅಜ್ಜಿ, "ಫೋಟೊ ಬರ್ಲಿ ಮೊದ್ಲು" ಅಂದ್ರು.

ಈ ಲೇಖನದ ಜೊತೆ ಆ ಫೋಟೊ ಹಾಕೋಣ ಅಂತ ಎಡಿಟರ್ ಕೇಳ್ತಿದ್ದಾರೆ. ಕೊಡೋಕೆ ಆಗ್ತಿಲ್ಲ. ರೀಲಿನಲ್ಲಿ ಇನ್ನೂ 22 ಬಾಕಿ ಇದೆ, ಅರ್ಧಕ್ಕೆ ತೊಳೆಸೋಕೆ ತಾತ ಒಪ್ಪಲ್ಲ. ಫೋನಿನಲ್ಲಿರೋದನ್ನ ಕೊಡಬಹುದಿತ್ತು, ಆದರೆ ಅದು ಅಜ್ಜಿ ಹತ್ತಿರ ಇರ್ಲಿ. ಇದು ಬರುತ್ತಾ ಇಲ್ವಾ ಅಂತ ನಮಗೂ ಗೊತ್ತಿಲ್ಲ. ಗುಂಡಿ ತಿರುಗಿದ್ದಂತೂ ನಿಜ.